ಪೇಟಿಗೆ ಬಡ್ತಿ

ಐವತ್ತು ದಾಟಿದ ಮೇಲೆ ಸಂಗೀತಾಭ್ಯಾಸಕ್ಕೆ ಕೈಯಿಕ್ಕಿದ ಗೃಹಸ್ಥನಿಗೆ ಅಲಂಕಾರಗಳು ವಶವಾಗುವುದಕ್ಕೆ ಬಹಳ ಮುಂಚೆಯೇ ವಾದ್ಯದ ದೋಷಗಳು ನಿಚ್ಚಳವಾಗಿ ಗೋಚರಿಸತೊಡಗುತ್ತವೆಂಬುದು ಪ್ರಕೃತಿನಿಯಮವೇ ಇರಬೇಕು. ನನ್ನ ಹಳೆಯ ಹಾರ್ಮೋನಿಯಮ್ ಪೇಟಿಯಲ್ಲಿ ಮಂದ್ರದ ಪಂಚಮವು ಒಮ್ಮೆ ನುಡಿದು ಒಮ್ಮೆ ಮುನಿಯುತ್ತಿತ್ತು. ತಾರಷಡ್ಜವು ಬೆರಳೆತ್ತಿದ ಮೇಲೂ ತನ್ನ ಮಾತನ್ನು ಮುಂದುವರಿಸುತ್ತಿತ್ತು. ಈ ನ್ಯೂನತೆಗಳ ಆಶ್ರಯದಲ್ಲಿ ನನ್ನ ನ್ಯೂನತೆಗಳು ಯಾರ ಕಣ್ಣಿಗೂ ಬೀಳದೆ ಸುಖವಾಗಿದ್ದುವು. “ಮೊದಲ ಕೈ ಕೂಡ್ಲಿ, ಆಮ್ಯಾಲ ಪೇಟಿ ನೋಡೂಣ್ರಿ” ಎಂದು ಬಸವಕಲ್ಯಾಣದ ನಮ್ಮ ಗುರುಗಳು ಅಪ್ಪಣೆ ಕೊಟ್ಟಿದ್ದರು. ಆದರೆ ಸೋಮೇಶ್ವರ ಭೂಪತಿಯು 1129ರಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ ವಾದ್ಯವಿನೋದವನ್ನು ರಾಜಯೋಗ್ಯವಾದ ವಿನೋದಗಳ ಸಾಲಿನಲ್ಲಿ ಕುಳ್ಳಿರಿಸಿದ ಕಲ್ಯಾಣದಲ್ಲಿ ವಾಸಿಸುವವನು ಕೈ ಕೂಡುವ ತನಕ ಕಾಯುವುದು ಊರಿನ ಘನತೆಗೆ ಒಪ್ಪತಕ್ಕದ್ದಲ್ಲ.

ನನಗೆ ಬೇಕಾದದ್ದು ಸ್ಕೇಲ್ ಚೇಂಜರ್. ಪೇಟಿಯ ದೂರದ ಬಂಧುಗಳಾದ ಯುರೋಪಿನ ಗುಂಡಿ ಅಕಾರ್ಡಿಯನ್ನುಗಳಲ್ಲಿಯೂ ಕನ್ವರ್ಟರ್ ಎಂಬ ಉತ್ತಮ ಜಾತಿಯೊಂದುಂಟು. ಎಡಗೈಯ ಗುಂಡಿಗಳು ನುಡಿಸುವ ಸಿದ್ಧ ಸ್ವರಮೇಳಗಳು ಒಂದು ಕೀಲನ್ನು ಒತ್ತಿದೊಡನೆ ಬಿಡಿಬಿಡಿ ಸ್ವರಗಳಾಗುವುವೆಂದೂ, ಅಲ್ಲಿಯ ಹೊಸಗಲಿಕೆಯವರು ಅದಕ್ಕಾಗಿ ನಿದ್ರೆಗೆಡುವರೆಂದೂ ಓದಿ ಬಲ್ಲೆ. 1829ರಲ್ಲಿ ವಿಯೆನ್ನಾದಲ್ಲಿ ಡೆಮಿಯನ್ ಎಂಬಾತನು ಅಕಾರ್ಡಿಯನ್ನಿಗೆ ಹಕ್ಕುಪತ್ರ ಪಡೆದನು. 1842ರಲ್ಲಿ ಪ್ಯಾರಿಸಿನ ಡೆಬೆಯ್ನ್ ಹಾರ್ಮೋನಿಯಮ್ಮಿಗೆ ಪಡೆದನು. 1875ರ ಸುಮಾರಿಗೆ ಕಲಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲನ್ನು ತೆಗೆದು, ಬೆನ್ನಿಗೆ ತಿದಿಯನ್ನು ಕಟ್ಟಿ, ನೆಲದ ಮೇಲೆ ಕುಳ್ಳಿರಿಸಿದರು. ಆ ವಂಶದ ನಮ್ಮ ಕಡೆಯ ಸುಪುತ್ರನೇ ಸ್ಕೇಲ್ ಚೇಂಜರ್: ಅದರಲ್ಲಿ ಮನೆಗಳ ಹಲಗೆಯೇ ಆಚೀಚೆ ಸರಿಯುತ್ತದೆ, ಬೆರಳು ಅಭ್ಯಾಸವಾದ ಬಿಳಿ ಒಂದರಲ್ಲಿಯೇ ಆಡುತ್ತಿದ್ದರೂ ನಾದವು ಕರಿ ಎರಡರಿಂದಲೋ ಬಿಳಿ ನಾಲ್ಕರಿಂದಲೋ ಹೊರಡುತ್ತದೆ. ಒಂದೇ ಸ್ಥಾನದಲ್ಲಿ ನುಡಿಸಲು ಬಾರದವನಿಗೆ ಒಂಬತ್ತು ಸ್ಥಾನಗಳೇತಕ್ಕೆಂದು ಮನೆಯವಳು ಕೇಳಿದಳು. ಪ್ರಶ್ನೆಯು ತರ್ಕಶುದ್ಧವಾಗಿದ್ದುದರಿಂದ ಉತ್ತರಿಸಲಿಲ್ಲ.

ಹೈದರಾಬಾದಿನ ಅಂಗಡಿಯ ವೃತ್ತಾಂತವನ್ನು ಬೆಳೆಸಲಾರೆ. ಖರ್ಜ, ನರ, ಮಾದಿ ಎಂಬ ಮೂರು ಸಾಲಿನ ಸುರಗಳನ್ನು ಮುಚ್ಚಳವೆತ್ತಿಸಿ ನೋಡಿದೆನು. ತಿದಿಗೆ ಗಾಳಿ ತುಂಬಿ, ಮನೆಗಳನ್ನು ಮುಟ್ಟದೆ, ಸೋರುವ ಸದ್ದಿಗಾಗಿ ಕಿವಿಗೊಟ್ಟೆನು. ಇಷ್ಟರಿಂದ ನನ್ನನ್ನು ಪಂಡಿತನೆಂದು ಬಗೆದ ಅಂಗಡಿಯಾತನು “ಏನಾದರೂ ಬಾರಿಸಿ ನೋಡಿ” ಎನ್ನಲು, ತಟ್ಟನೆ ಬೆಲೆಯ ಚರ್ಚೆಯನ್ನು ಎತ್ತಿಕೊಂಡೆನು. ಹೊರಗಿನ ಪೆಟ್ಟಿಗೆಗೆ ಹಣ ಬೇರೆ ಎಂದುದರಿಂದ ಅದನ್ನು ಬಿಟ್ಟು, ಪೇಟಿಯನ್ನು ಹಳೆಯ ಧೋತರದಲ್ಲಿ ಸುತ್ತಿ, ಹುಮನಾಬಾದಿನಲ್ಲಿ ಇಳಿದು, ಬಸವಕಲ್ಯಾಣದ ಬಸ್ಸನ್ನು ಹತ್ತಿ ತೊಡೆಯ ಮೇಲಿಟ್ಟುಕೊಂಡೆನು.

ಧೋತರದ ಗಂಟು ಆಧಾರಸ್ವರದ ಗುಬ್ಬಿಯೊಂದನ್ನು ಹೊರಗೆಳೆದಿದ್ದಿತೆಂದೂ, ತಿದಿಯ ಕೊಂಡಿ ಬಿಚ್ಚಿಕೊಂಡಿದ್ದಿತೆಂದೂ ತಿಳಿದದ್ದು ಮೊದಲನೆಯ ತಗ್ಗಿನಲ್ಲಿ. ಬಸ್ಸು ಕುಲುಕಿತು, ಧೋತರದೊಳಗಿನಿಂದ ಸಣ್ಣನೆಯ, ದೀನವಾದ, ದೀರ್ಘವಾದ ಧ್ವನಿಯೊಂದು ಹೊರಟಿತು. ಎರಡನೆಯ ತಗ್ಗಿಗೆ ಅದು ಬಿಕ್ಕಿತು. ಹಿಂದಿನ ಸೀಟಿನ ಅಜ್ಜಿಯು ಕತ್ತನ್ನು ಮುಂದೆ ಚಾಚಿ, “ಯಪ್ಪಾ, ಕೂಸು ಅಳ್ಲಿಕ್ಕತ್ತದ, ಮುಖದ ಮ್ಯಾಲಿನ ಅರಿವಿ ತೆಗೀರಿ” ಎಂದಳು. ಕೂಸಲ್ಲವೆನ್ನುವಷ್ಟರಲ್ಲಿ ಮೂರನೆಯ ತಗ್ಗು ಬಂದು ನನ್ನ ಮಾತನ್ನು ಸುಳ್ಳುಮಾಡಿತು. ಅಷ್ಟರಲ್ಲಿ ಆಗಮಿಸಿದ ಕಂಡಕ್ಟರನು ಟಿಕೆಟಿನ ಯಂತ್ರದಿಂದ ತಲೆಯೆತ್ತದೆ, “ಎಷ್ಟು ವರ್ಷದ್ದರಿ?” ಎಂದು ಕೇಳಿದನು. ಗಾಬರಿಯಲ್ಲಿ ನಾನು ಸತ್ಯವನ್ನೇ ನುಡಿದೆನು: “ಇವತ್ತೇ ತಗೊಂಡೀನ್ರಿ.” ಬಸ್ಸಿನಲ್ಲಿ ಮೌನವು ಪಸರಿಸಿತು. “ರೊಕ್ಕಾ ಕೊಟ್ಟು?” ಎಂದಳು ಅಜ್ಜಿ. “ಹೌದ್ರಿ, ಹೈದರಾಬಾದಿನ್ಯಾಗ. ಸ್ವಲ್ಪ ಕಡಿಮಿ ಮಾಡಿ ಕೊಟ್ಟಾರ.” ಎದುರು ಸಾಲಿನ ಹಿರಿಯರೊಬ್ಬರು ನನ್ನ ಮುಖವನ್ನು ಪೊಲೀಸು ಠಾಣೆಯಲ್ಲಿ ವರ್ಣಿಸಬೇಕಾದೀತೆಂಬಂತೆ ದಿಟ್ಟಿಸಿ ನೋಡತೊಡಗಿದುದರಿಂದ, ಅಲ್ಲಿಯೇ ಧೋತರವನ್ನು ಬಿಚ್ಚಿ ನಿರ್ದೋಷಿತ್ವವನ್ನು ಸ್ಥಾಪಿಸಿದೆನು.

ಕಂಡಕ್ಟರನು ಲಗೇಜಿನ ಟಿಕೆಟು ಹರಿದನು. ಅಜ್ಜಿಯಾದರೋ ಬಿಡಲಿಲ್ಲ, ಪೇಟಿಯಿದ್ದ ಮೇಲೆ ಪದವಾಗಲೇಬೇಕೆಂದು ಮಾಣಿಕಪ್ರಭುಗಳ ಪದವೊಂದನ್ನು ತಾನೇ ಎತ್ತಿಕೊಂಡಳು. 1817ರಲ್ಲಿ ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿ, 1865ರಲ್ಲಿ ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಆ ಮಹನೀಯರ ಪದಕ್ಕೆ ಈ ಮಾರ್ಗಕ್ಕಿಂತ ಉಚಿತವಾದ ಸ್ಥಳವಿಲ್ಲ. ಸ್ಕೇಲ್ ಚೇಂಜರಿನ ಜನ್ಮವು ಸಾರ್ಥಕವಾಗುವ ಗಳಿಗೆ ಬಂದಿತೆಂದು ನಾನು ಹಲಗೆಯನ್ನು ಸರಿಸಿದೆನು. ಅಜ್ಜಿಯ ಷಡ್ಜ ಸ್ವಲ್ಪ ಮೇಲಿದ್ದಿತು. ಮತ್ತೊಂದು ಸ್ಥಾನಕ್ಕೆ ಸರಿಸಿದೆನು, ಸ್ವಲ್ಪ ಕೆಳಗಿದ್ದಿತು. ಒಂಬತ್ತು ಸ್ಥಾನಗಳನ್ನು ಕೊಂಡುತಂದವನ ಮುಂದೆ ಆಕೆ ಅವುಗಳ ನಡುವಿನ ಸಂದಿಯಲ್ಲಿ ನೆಮ್ಮದಿಯಾಗಿ ಕುಳಿತು ಹಾಡುತ್ತಿದ್ದಳು.

ಕಿಟಕಿಯ ಬಳಿಯ ತರುಣನೊಬ್ಬನು ಮೊಬೈಲನ್ನು ಆಕೆಯ ಬಾಯಿಯ ಹತ್ತಿರ ಹಿಡಿದು, ಅದರೊಳಗಿನ ಶ್ರುತಿಮಾಪಕದ ಮುಳ್ಳನ್ನು ನೋಡಿ, “ಅಜ್ಜಿ ಔಟ್ ಅದಾಳ್ರಿ” ಎಂದು ತೀರ್ಪಿತ್ತನು. ನನಗೆ ನಿಜವಾಗಿಯೂ ಕೋಪ ಬಂದಿತು. ಅಜ್ಜಿಯ ಸ್ವರವು ಆಕೆಯ ಪದದಲ್ಲಿ ಸರಿಯಾಗಿಯೇ ಇದ್ದಿತು. ಮನೆ ಮನೆಯಾಗಿ ಕತ್ತರಿಸಿಟ್ಟ ನಾದವೇ ಅಲ್ಲಿಗೆ ಮುಟ್ಟಲಾರದೆ ಹೋಗಿದ್ದಿತು. ಶ್ರುತಿಸೂಕ್ಷ್ಮವೂ ಮೀಂಡವೂ ಇದರಲ್ಲಿ ಹೊರಡವೆಂಬ ಕಾರಣದಿಂದಲೇ ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟಿದ್ದಿತು. ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದಿತು, ಆದರೆ ಊರೂರಿನ ಭಜನೆಗೂ ಕಂಪನಿ ನಾಟಕಕ್ಕೂ ಹೆಗಲು ಕೊಟ್ಟ ಪೇಟಿಮಾಸ್ತರರು ಮೂವತ್ತೊಂದು ವರ್ಷ ಆ ಬಾಗಿಲ ಹೊರಗೆ ನಿಂತರೆಂಬುದನ್ನು ನೆನೆದರೆ ನಗೆ ಬರುವುದಿಲ್ಲ.

ಕಡೆಗೆ ಸಮಸ್ಯೆಯನ್ನು ಪರಿಹರಿಸಿದವಳೂ ಅಜ್ಜಿಯೇ. ನನ್ನ ಪರದಾಟವನ್ನು ಕಂಡು, “ಇರ್ಲಿ ಬಿಡಪಾ, ಹೊಸದದ, ನಾನಾ ಇಳೀತೀನಿ” ಎಂದು ತನ್ನ ಷಡ್ಜವನ್ನು ಕೂದಲೆಳೆಯಷ್ಟು ಇಳಿಸಿ ಪೇಟಿಯೊಳಕ್ಕೆ ಬಂದಳು. ಸಸ್ತಾಪುರ ಬಂಗ್ಲಾದವರೆಗೂ ನಾನು ಒಂದೇ ಮನೆಯನ್ನು ಒತ್ತಿ ಹಿಡಿದು ಕುಳಿತಿದ್ದೆನು; ಮುಟ್ಟದೆ ಉಳಿದ ಮನೆಗಳಿಗೆಲ್ಲ ಹಣ ಸಂದಾಯವಾಗಿದ್ದಿತು.

ಆದುದರಿಂದ ಹೊಸ ಪೇಟಿಯನ್ನು ಕೊಳ್ಳಹೊರಟ ಸಹಾಧ್ಯಾಯಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಸೋರದ ತಿದಿಯನ್ನೂ ಒಳ್ಳೆಯ ಸುರಗಳನ್ನೂ ನೋಡಿ ಕೊಳ್ಳಿರಿ, ಸರಿಯುವ ಹಲಗೆಗೆ ಹಣ ಸುರಿಯುವ ಮುನ್ನ ಹಾಡುವವರೊಬ್ಬರನ್ನು ಅಂಗಡಿಗೆ ಕರೆದೊಯ್ಯಿರಿ, ಹೊರಗಿನ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಎಂದಿಗೂ ಚೌಕಾಸಿ ಮಾಡಬೇಡಿರಿ.