ದೇವರು ಮನೆಗೆ ಬೀಗ ಹಾಕಿದಾಗ

ದೀಪಾವಳಿ ಬಂತೆಂದರೆ ಸಾಕು, ಹಿಮಾಲಯದ ದೇವರುಗಳಿಗೆ ಗಂಟುಮೂಟೆ ಕಟ್ಟುವ ಗಡಿಬಿಡಿ. ನಾವಿಲ್ಲಿ ಹೋಳಿಗೆ ತಿಂದು ಪಟಾಕಿ ಕಸ ಗುಡಿಸುವ ಹೊತ್ತಿಗೆ ಗಂಗೋತ್ರಿಯ ಗಂಗಮ್ಮ ಪಲ್ಲಕ್ಕಿ ಹತ್ತಿ ಮುಖ್ಬಾ ಎಂಬ ಹಳ್ಳಿಯ ದಾರಿ ಹಿಡಿದಿರುತ್ತಾಳೆ. ಯಮುನೋತ್ರಿಯ ಯಮುನೆಯದು ಇನ್ನೂ ಗತ್ತು. ಕೆಳಗಿನ ಖರ್ಸಾಲಿಯಿಂದ ಸೋದರ ಶನಿದೇವರೇ ಮೇಲೆ ಬಂದು ಕರೆದುಕೊಂಡು ಹೋಗಬೇಕು. ಶನಿ ಮನೆಬಾಗಿಲಿಗೆ ಬಂದರೆ ನಾವು ಎಳ್ಳೆಣ್ಣೆ ಹುಡುಕುತ್ತೇವೆ. ಅವಳಿಗೆ ಅದು ತವರಿನ ಮರ್ಯಾದೆ!

ಕೇದಾರನಾಥನ ಬಾಗಿಲು ಹಾಕುವುದು ಯಮದ್ವಿತೀಯೆಯಂದು. ಲಿಂಗಕ್ಕೆ ಭಸ್ಮ, ಹೂ, ಪತ್ರೆ ಹೊದಿಸಿ ಸಮಾಧಿಗೆ ಕೂರಿಸಿದರೆ ಅಲ್ಲಿಗೆ ಮುಗಿಯಿತು. ಉತ್ಸವಮೂರ್ತಿ ರಾಂಪುರ, ಗುಪ್ತಕಾಶಿಗಳಲ್ಲಿ ತಂಗುತ್ತಾ ಊಖೀಮಠದ ಓಂಕಾರೇಶ್ವರನ ಗುಡಿ ಸೇರುತ್ತದೆ. ಕೇದಾರದ ಮುಖ್ಯ ಪುರೋಹಿತರಾದ ರಾವಲರು ನಮ್ಮ ಕರ್ನಾಟಕದ ವೀರಶೈವ ಪರಂಪರೆಯವರಾದ್ದರಿಂದ ಈ ಬೀಗದ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನಮಗೂ ಒಂದಿಷ್ಟು ಇದೆ ಅಂದುಕೊಂಡಿದ್ದೇನೆ. 3,583 ಮೀಟರ್ ಎತ್ತರದ ಆ ಹಿಮದಲ್ಲಿ ಕಾವಲಿಗೆ ಯಾರು? ಭೈರವ. ಸಂಬಳ ಕೇಳುವುದಿಲ್ಲ, ಹಬ್ಬದ ಖುಷಿ ಕೇಳುವುದಿಲ್ಲ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುವುದೂ ಇಲ್ಲ.

ನಿಜವಾದ ಸಂಸಾರದ ಗದ್ದಲ ಇರುವುದು ಬದರಿಯಲ್ಲಿ. ಅಲ್ಲಿ ಬಾಗಿಲು ಹಾಕುವುದು ನವೆಂಬರಿನಲ್ಲಿ, ಅದೂ ಐದು ದಿನದ ಕಾರ್ಯಕ್ರಮ. ಮೊದಲು ಗಣಪತಿ ಗುಡಿಗೆ ಬೀಗ, ಆಮೇಲೆ ಆದಿಕೇದಾರೇಶ್ವರನಿಗೆ, ಶಂಕರಾಚಾರ್ಯರ ಗುಡಿಗೆ. ಮೂರನೆಯ ದಿನ ವೇದದ ಪುಸ್ತಕಗಳನ್ನು ಕಟ್ಟಿಟ್ಟು ಪಾರಾಯಣ ನಿಲ್ಲಿಸುತ್ತಾರೆ. ನಾಲ್ಕನೆಯ ದಿನ ಲಕ್ಷ್ಮೀದೇವಿಗೆ ಆಹ್ವಾನ: ಚಳಿಗಾಲಕ್ಕೆ ಗರ್ಭಗುಡಿಗೆ ದಯಮಾಡಿಸಬೇಕು ತಾಯೀ ಎಂದು. ಬೇಸಗೆಯೆಲ್ಲ ಆಕೆ ಪ್ರಾಕಾರದ ಬೇರೆ ಗುಡಿಯಲ್ಲೇ ಇರುವವಳು. ಯಾತ್ರಿಕರ ನೂಕುನುಗ್ಗಲಿನಲ್ಲಿ ಗಂಡನ ಪಕ್ಕ ಕೂರುವ ಯೋಗ ಎಲ್ಲಿಯದು?

ಕರೆದ ಕೂಡಲೇ ಬರುವಂತೆಯೂ ಇಲ್ಲ. ಒಳಗೆ ಕೃಷ್ಣನ ಸಖ ಉದ್ಧವ ಕೂತಿದ್ದಾನೆ. ಅವನು ಕೃಷ್ಣನಿಗಿಂತ ದೊಡ್ಡವನಂತೆ, ಅಂದರೆ ಲಕ್ಷ್ಮಿಗೆ ಭಾವ. ಭಾವನ ಎದುರು ಗಂಡನ ಪಕ್ಕ ಕೂರುವುದುಂಟೇ! ಹಾಗಾಗಿ ಮೊದಲು ಉದ್ಧವನನ್ನು ಹೊರಡಿಸಬೇಕು. ಅವನು ಎದ್ದ ಮೇಲೆ ಬದರಿಯ ರಾವಲರು, ಕೇರಳದ ನಂಬೂದಿರಿಗಳು, ಹೆಣ್ಣುಡುಗೆ ತೊಟ್ಟು ಸಖಿಯ ಹಾಗೆ ಲಕ್ಷ್ಮಿಯನ್ನು ಎತ್ತಿ ತಂದು ನಾರಾಯಣನ ಬಳಿ ಕೂರಿಸುತ್ತಾರೆ. ಆಮೇಲೆ ಹೊದಿಕೆ. ಪಕ್ಕದ ಮಾಣಾ ಗ್ರಾಮದ ಹೆಣ್ಣುಮಕ್ಕಳು ನೇಯ್ದ ಉಣ್ಣೆಯ ಕಂಬಳಿ, ಅದಕ್ಕೆ ಧಾರಾಳವಾಗಿ ತುಪ್ಪ ಸವರಿ ದೇವರಿಗೆ ಹೊದಿಸುತ್ತಾರೆ. ಬಾಗಿಲು ತೆರೆದಾಗ ಮೊದಲು ನೋಡುವುದೇ ಈ ಕಂಬಳಿಯನ್ನು. ತುಪ್ಪ ಆರದೆ ಹಸಿಯಾಗಿದ್ದರೆ ದೇಶಕ್ಕೆ ಸುಭಿಕ್ಷ. ಕಂಬಳಿಯ ಎಳೆ ಭಕ್ತರಿಗೆ ಪ್ರಸಾದ. ಅಂದಹಾಗೆ ನೇಯ್ದುಕೊಟ್ಟ ಮಾಣಾದವರೂ ಅಲ್ಲಿ ಉಳಿಯುವುದಿಲ್ಲ, ಅವರೂ ಮನೆಗೆ ಬೀಗ ಜಡಿದು ಕೆಳಗಿನ ಊರುಗಳಿಗೆ ಇಳಿಯುತ್ತಾರೆ.

ಇದನ್ನೆಲ್ಲ ನಾನು ಓದಿ ಹೇಳಿದ್ದು ನಮ್ಮ ಭಾವನವರಿಗೆ ಬುದ್ಧಿ ಬರಲಿ ಅಂತ. ಮಗಳ ಮನೆಗೆಂದು ಅವರೂ ಆರು ತಿಂಗಳು ಅಮೆರಿಕಕ್ಕೆ ಹೋಗುವವರು. ಹೊರಡುವ ವಾರವೆಲ್ಲ ಅವರ ಬಾಯಲ್ಲಿ ಅಷ್ಟೋತ್ತರ: ಸಿಲಿಂಡರ್ ರೆಗ್ಯುಲೇಟರ್ ತೆಗೆದೆಯಾ, ಸಂಪಿನ ಮುಚ್ಚಳ ಹಾಕಿದೆಯಾ, ಫ್ರಿಜ್ಜಿನ ಬಾಗಿಲಿಗೆ ಟವೆಲ್ ಸಿಕ್ಕಿಸಿದೆಯಾ, ಬೀರುವಿಗೆ ನುಸಿಗುಳಿಗೆ ಇಟ್ಟೆಯಾ, ಪೇಪರಿನವನಿಗೆ ಹೇಳಿದೆಯಾ. ಟ್ಯಾಕ್ಸಿ ಗೇಟು ದಾಟಿದ ಮೇಲೂ ಇಳಿದು ಹೋಗಿ ಬೀಗ ಎಳೆದು ನೋಡಬೇಕು. ವಾಪಸು ಬಂದು ಸೋಫಾದ ಮೇಲಿನ ಹಳೇ ಬೆಡ್‌ಶೀಟ್ ಎತ್ತಿದರೆ ಅಲ್ಲೊಂದು ಇಲಿ ಸಂಸಾರ. ಅದನ್ನು ನೋಡಿ ದೇಶದ ಭವಿಷ್ಯ ಹೇಳುವವರು ಯಾರೂ ಸಿಗಲಿಲ್ಲ.

“ಅಲ್ಲ ಭಾವ, ನೀವು ಮೇನ್ ಸ್ವಿಚ್ಚನ್ನೇ ಆರಿಸಿ ಹೋಗ್ತೀರಿ, ಬದರಿಯಲ್ಲಿ ದೀಪ ಹಚ್ಚಿಟ್ಟು ಹೋಗ್ತಾರೆ! ಆರು ತಿಂಗಳು ನಾರದರು ಪೂಜೆ ಮಾಡ್ತಾರೆ, ಬಾಗಿಲು ತೆಗೆದಾಗ ದೀಪ ಉರೀತಾನೇ ಇರುತ್ತೆ ಅಂತಾರೆ” ಎಂದೆ.

“ಅದಕ್ಕೆ ಅಷ್ಟು ದೂರ ಯಾಕೆ, ನಮ್ಮ ಹಾಸನಾಂಬೆ ಇಲ್ಲವೇ?” ಎಂದರು. ಮಾತು ಸರಿಯೇ. ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆರೆಯುವ ಆ ತಾಯಿಯ ಗುಡಿಯಲ್ಲೂ ದೀಪ ಆರುವುದಿಲ್ಲ, ಹೂ ಬಾಡುವುದಿಲ್ಲ ಎಂಬ ನಂಬಿಕೆ. 2024ರಲ್ಲಂತೂ ಕೇದಾರದ ಬಾಗಿಲಿಗೂ ಹಾಸನದ ಬಾಗಿಲಿಗೂ ಬೀಗ ಬಿದ್ದದ್ದು ಒಂದೇ ದಿನ, ನವೆಂಬರ್ 3.

ಆದರೂ ನಾನು ಬಿಡಲಿಲ್ಲ. “ಮತ್ತೆ ನಿಮಗೇಕೆ ಇಷ್ಟು ಭಯ? ದೇವರು ಅಷ್ಟು ನಿಶ್ಚಿಂತೆಯಿಂದ ಇರಬಹುದಾದರೆ...”

“ಉದ್ಧವನ ಜೊತೆ ಕೆಳಗಿಳಿದು ಪಾಂಡುಕೇಶ್ವರಕ್ಕೆ ಹೋಗೋದು ಯಾರು ಹೇಳು?”

“ಕುಬೇರ.”

“ನೋಡು, ತಿಜೋರಿಯನ್ನೇ ಮೊದಲು ಸಾಗಿಸ್ತಾರೆ! ಆಮೇಲೆ ದೀಪ ಉರಿದರೇನು, ಬಾಗಿಲು ತೆರೆದಿದ್ದರೇನು? ನಾನೂ ಕುಬೇರನನ್ನ ಬ್ಯಾಂಕಿಗೆ ಕಳಿಸಿಯೇ ಹೊರಡೋದು. ಆ ಲಾಕರಿನ ಕೀಲಿ ಎಲ್ಲಿ ಬಚ್ಚಿಟ್ಟಿದ್ದಾಳೆ ಅಂತ ನಿಮ್ಮಕ್ಕನಿಗೇ ಮರೆತುಹೋಗಿದೆ, ಬಾ, ಅಕ್ಕಿ ಡಬ್ಬ ಬಗ್ಗಿಸೋಣ.”