ಮುತ್ಯಾನ ಇಪ್ಪತ್ನಾಲ್ಕು ತಾಸು

ನಮ್ಮ ಮುತ್ಯಾನಿಗೆ ಎರಡು ವಯಸ್ಸು. ಮನೆಯಲ್ಲಿ ಎಂಬತ್ತು ದಾಟಿದವನು. 1948ರ ಪೊಲೀಸ್ ಆ್ಯಕ್ಷನ್ ಹೊತ್ತಿಗೆ ರಜಾಕಾರರಿಗೆ ಹೆದರಿ, ಅಪ್ಪನ ಹೆಗಲೇರಿ ನಮ್ಮೂರು ಮುರುಮದಿಂದ ಹೊಲದ ಕಡೆ ಓಡಿದ ಕತೆ ನಮಗೆಲ್ಲ ಬಾಯಿಪಾಠ. ಆಧಾರ್ ಕಾರ್ಡಿನಲ್ಲಿ ಮಾತ್ರ ಅವನು ಹುಟ್ಟಿದ್ದು 1956ರ ಜನವರಿ 1ಕ್ಕೆ, ರಜಾಕಾರರು ಹೋಗಿ ಏಳು ವರ್ಷವಾದ ಮೇಲೆ. ಹಳೆಯ ಕಾಗದ ಕೇಳಿದರೆ, "ತೊಂಬತ್ಮೂರರ ಭೂಕಂಪದಾಗ ಮಾಳಗಿ ಕೆಳಗ ಹೋತು" ಅನ್ನುತ್ತಾನೆ. ಕಿಲ್ಲಾರಿಯ ಆ ಭೂಕಂಪ ಮಹಾರಾಷ್ಟ್ರದ ನಮ್ಮ ಉಮರ್ಗಾ ತಾಲೂಕಿನಲ್ಲಿ ಮನೆ ಕೆಡವಿದ್ದು ಖರೆ. ನಮ್ಮ ಮಾಳಿಗೆ ಇನ್ನೂ ನಿಂತಿದೆ, ಆ ಮಾತು ಬೇರೆ.

2024ರ ಅಕ್ಟೋಬರ್ 29ಕ್ಕೆ ಆಯುಷ್ಮಾನ್ ವಯೋವಂದನಾ ಕಾರ್ಡು ಬಂತು. ಎಪ್ಪತ್ತು ತುಂಬಿದ ಯಾರಿಗೇ ಆಗಲಿ, ಬಡವ ಬಲ್ಲಿದ ಎನ್ನದೆ, ವರ್ಷಕ್ಕೆ 5 ಲಕ್ಷದವರೆಗೆ ದವಾಖಾನೆ ಖರ್ಚು. ಮುತ್ಯಾ ಹೊಸ ಧೋತರ ಉಟ್ಟು ಹೋದ. ಕಂಪ್ಯೂಟರ್ ಮುಂದಿನ ಹುಡುಗ ಆಧಾರ್ ನೋಡಿ, "ಆಜೋಬಾ, ತುಮ್ಹೀ ಅಜೂನ್ ಲಹಾನ್ ಆಹಾತ್" ಎಂದ. ಇನ್ನೂ ಸಣ್ಣವರಂತೆ!

ಆ ಸಿಟ್ಟಿಗೆ ನಾನೊಂದು ಹಾಸ್ಪಿಟಲ್ ಕ್ಯಾಶ್ ಪಾಲಿಸಿ ತಂದೆ. ಅಲ್ಲಿ ಸಣ್ಣವನಾದದ್ದೇ ಚಲೋ ಆಯಿತು, ಹಪ್ತೆ ಕಡಿಮೆ ಬಿತ್ತು. ಇದು ಬಿಲ್ ಕಟ್ಟುವ ವಿಮೆಯಲ್ಲ. ಬಿಲ್ ಎಷ್ಟೇ ಆಗಲಿ, ದವಾಖಾನೆಯ ಮಂಚದ ಮೇಲೆ ಪೂರಾ ಇಪ್ಪತ್ನಾಲ್ಕು ತಾಸು ಮಲಗಿದರೆ ಸಾವಿರ ರೂಪಾಯಿ. ಐಸಿಯು ಆದರೆ ದುಪ್ಪಟ್ಟು. ಮೊದಲ ದಿನ ಲೆಕ್ಕಕ್ಕಿಲ್ಲ. ಹಳೆಯ ರೋಗಕ್ಕೆ ಮೂರು ವರ್ಷ ತಾಳಬೇಕು.

"ಅದನ್ನ ನನ್ನ ಶುಗರಿಗೆ ಹೇಳು" ಎಂದ ಮುತ್ಯಾ. ಆಮೇಲೆ ಬೆರಗಾಗಿ, "ಮಲ್ಕೊಂಡ್ರ ರೊಕ್ಕಾ ಕೊಡ್ತಾರ? ಜಲ್ಮೆಲ್ಲಾ ದುಡದ್ರೂ ಯಾರೂ ಕೊಟ್ಟಿಲ್ಲಲ್ಲೋ!"

ಹೋದ ಮಳೆಗಾಲದಲ್ಲಿ ಜ್ವರ ಬಂದು ಸೋಲಾಪುರಕ್ಕೆ ಒಯ್ದು ಸೇರಿಸಿದೆವು. ಸಲಾಯಿನ್ ಹಚ್ಚಿದ್ದೇ ತಡ, ಮುತ್ಯಾನ ಕಣ್ಣು ಗೋಡೆ ಗಡಿಯಾರಕ್ಕೆ ನೆಟ್ಟಿತು. ಎರಡನೆಯ ದಿನದಿಂದ ಮಾತಾಡಿಸುವವರು ಶುರುವಾದರು. ಡಾಕ್ಟರ ಬಿಲ್ಲಿಗಾದರೂ ಒಂದು ಕೊನೆಯಿದೆ, ಮಾತಾಡಿಸಲು ಬರುವವರ ಬಿಲ್ಲಿಗಿಲ್ಲ. ಮುರುಮದ ಓಣಿಯವರು, ಆಳಂದದ ಬೀಗರು, ಒಂದು ಜೀಪು ತುಂಬ ನಿಲಂಗಾದವರು. ಯಾರೂ ಬರಿಗೈಲಿ ಬರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯದ ಗಂಟು ಮಂಚದ ಕೆಳಗೆ ಪೇರಿದವು. ಆದರೆ ಬಂದವರಿಗೆ ಚಹಾ ಬೇಡವೇ? ಹೊರಡುವಾಗ ಬಸ್ ಚಾರ್ಜು? ಉದಗೀರದ ಅತ್ತೆ ಮೊಮ್ಮಕ್ಕಳ ಸಮೇತ ಎರಡು ದಿನ ನಿಂತಳು, "ಸಿದ್ಧರಾಮೇಶ್ವರನ ಗುಡಿ ನೋಡಿದಂಗೂ ಆತು" ಅಂತ. ದಿನದ ಸಾವಿರ ಮಧ್ಯಾಹ್ನದೊಳಗೇ ಮುಗಿಯುತ್ತಿತ್ತು. ಮೊದಲ ದಿನವನ್ನು ಕಂಪನಿ ಲೆಕ್ಕಕ್ಕೆ ಹಿಡಿಯದ್ದು ಯಾಕೆಂದು ಆಗ ಹೊಳೆಯಿತು: ಸುದ್ದಿ ಊರು ಮುಟ್ಟಲು ಒಂದು ದಿನ ಬೇಕಲ್ಲ.

ಸೇರಿಸಿದ್ದು ಸೋಮವಾರ ಸಂಜೆ ನಾಲ್ಕಕ್ಕೆ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೇ ಡಾಕ್ಟರು, "ಆರಾಮಾಗೀರಿ, ಮನೀಗೆ ಹೋಗ್ರಿ" ಎಂದರು. ಮುತ್ಯಾ ಗಡಿಯಾರ ನೋಡಿದ. ಇನ್ನೂ ನಾಲ್ಕು ತಾಸು.

"ಡಾಕ್ಟರ್ ಸಾಬ್, ಯಾಕೋ ಚಕ್ಕರ್ ಬರ್ಲಿಕತ್ತದ."

ಡಾಕ್ಟರು ಗಾಬರಿಯಾಗಿ ಮತ್ತೆ ಬಿಪಿ ನೋಡಿದರು, ರಕ್ತ ತಪಾಸಣೆ ಬರೆದರು. ಅದರ ಬಿಲ್ಲು 1,200 ರೂಪಾಯಿ. ರಿಪೋರ್ಟು ಬರುವಷ್ಟರಲ್ಲಿ ನಾಲ್ಕು ಹೊಡೆಯಿತು. ಮುತ್ಯಾ ತಾನೇ ಎದ್ದು ಚಪ್ಪಲಿ ಮೆಟ್ಟಿದ.

ಈ ಜನವರಿಗೆ ಸರಕಾರದ ಲೆಕ್ಕದಲ್ಲೂ ಅವನಿಗೆ ಎಪ್ಪತ್ತು ತುಂಬಿ ಕಾರ್ಡು ಬಂತು. ಸುದ್ದಿ ತಿಳಿದು ಉದಗೀರದ ಅತ್ತೆ ಫೋನ್ ಮಾಡಿದಳು:

"ಆ ಕಾರ್ಡು ಬ್ಯಾರೆ ರಾಜ್ಯದಾಗೂ ನಡೀತದಂತಲ್ಲೋ? ಮುಂದಿನ ಸಲ ಸೋಲಾಪುರ ಬ್ಯಾಡ, ಕಲಬುರ್ಗಿಗೆ ಒಯ್ರಿ. ಶರಣಬಸಪ್ಪನ ಗುಡಿ ನೋಡಿ ಭಾಳ ದಿನಾ ಆತು."