ಮನುಷ್ಯನಿಗೆ ಎಷ್ಟು ಪಿಸಿಯು?

ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು, ಟ್ರಾಫಿಕ್ ಎಂಜಿನಿಯರಿಂಗ್ ಓದಲು ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಮುಂಬಯಿಗೆ ಹೊರಟಿರುವ ಮಕ್ಕಳ ಹೆತ್ತವರಿಗೆ ಮೊದಲು ಅಭಿನಂದನೆ. ಈಜು ಕಲಿಸಲು ಮಗುವನ್ನು ನೇರ ಸಮುದ್ರಕ್ಕೇ ಕಳಿಸುತ್ತಿದ್ದೀರಿ. ಪೊವೈ ಐಐಟಿಯ ಸಿವಿಲ್ ವಿಭಾಗದಲ್ಲಿ ಸಾರಿಗೆ ವ್ಯವಸ್ಥೆಗಳ ಎಂ.ಟೆಕ್ ಇದೆ. ಕ್ಯಾಂಪಸ್ಸಿನ ಹೊರಗೆ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡ್ ಇದೆ. ಹಾಗಾಗಿ ಪ್ರಯೋಗಾಲಯಕ್ಕೆ ಬೇರೆ ಫೀಸು ಬೇಡ. ಹರಿವು, ಸಾಂದ್ರತೆ, ವೇಗ ಈ ಶಾಸ್ತ್ರದ ಮೂರು ಮೂಲ ಪಾಠಗಳು. ಸಂಜೆ ಏಳಕ್ಕೆ ಆ ರಸ್ತೆಯ ಬದಿಗೆ ನಿಂತರೆ ಎರಡನೆಯದು ಮಾತ್ರ ಕಣ್ಣಿಗೆ ಬೀಳುತ್ತದೆ.

ಸಿಗ್ನಲ್ಲಿನ ಒಂದು ಸುತ್ತಿಗೆ ಎಷ್ಟು ಸೆಕೆಂಡು ಬೇಕು ಎಂಬುದಕ್ಕೆ ಇಂಗ್ಲೆಂಡಿನ ವೆಬ್‌ಸ್ಟರ್ 1958ರಲ್ಲಿ ಒಂದು ಸೂತ್ರ ಕೊಟ್ಟರು. ಪೊವೈ ಐಐಟಿ ಶುರುವಾದದ್ದೂ ಅದೇ ವರ್ಷ. ಜಾತಕ ಕೂಡಿ ಬಂದಿದೆ. ಬರುವ ಗಾಡಿಗಳು ಎಷ್ಟು, ರಸ್ತೆ ತಾಳುವುದು ಎಷ್ಟು ಎಂಬ ಅನುಪಾತ ಒಂದರ ಹತ್ತಿರ ಬಂದಂತೆಲ್ಲ ಸೂತ್ರ ಹೇಳುವ ಸಮಯ ಅನಂತದ ಕಡೆ ಓಡುತ್ತದೆ. ಒಂದನ್ನು ದಾಟಿದರೆ ಉತ್ತರ ಮೈನಸ್. ಅಂದರೆ ನೀವು ಸಾಕಿನಾಕಾ ತಲುಪುವ ಮೊದಲೇ ನಿಮ್ಮ ಪಾಲಿನ ಹಸಿರು ದೀಪ ಬಂದು ಹೋಗಿರುತ್ತದೆ. ಬೇರೆ ಊರಿನ ವಿದ್ಯಾರ್ಥಿ ಲೆಕ್ಕ ತಪ್ಪಿತೆಂದು ಅಳಿಸುತ್ತಾನೆ. ಮುಂಬಯಿಯವನು ಉತ್ತರದ ಕೆಳಗೆ ಎರಡು ಗೆರೆ ಎಳೆದು ಪೆನ್ನು ಮುಚ್ಚುತ್ತಾನೆ.

ಮುಂದಿನ ವಿಷಯ ‘ಬುದ್ಧಿವಂತ ಸಾರಿಗೆ ವ್ಯವಸ್ಥೆ’. ಕ್ಯಾಮೆರಾ, ಸೆನ್ಸರ್, ತಾನೇ ಯೋಚಿಸುವ ಸಿಗ್ನಲ್. ಮುಂಬಯಿ ಪೊಲೀಸರು 2020ರ ಜನವರಿಯಲ್ಲಿ ಇದರ ಒಂದು ನಮೂನೆಯನ್ನು ಜಗತ್ತಿಗೆ ತೋರಿಸಿದರು. ಕೆಲವು ಜಂಕ್ಷನ್ನುಗಳಲ್ಲಿ ಸಿಗ್ನಲ್ಲಿಗೆ ಕಿವಿ ಬಂತು. ಹಾರ್ನಿನ ಸದ್ದು 85 ಡೆಸಿಬೆಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿನಿಂದ. ಹಾರ್ನ್ ಒತ್ತಿದವನು ಒಬ್ಬ, ಶಿಕ್ಷೆ ಹಿಂದೆ ನಿಂತ ಬೆಸ್ಟ್ ಬಸ್ಸಿನ ಅರವತ್ತು ಮಂದಿಗೆ. ವಿಡಿಯೊ ನೋಡಿ ಊರೆಲ್ಲ ಚಪ್ಪಾಳೆ ತಟ್ಟಿತು. ಹಾರ್ನುಗಳು ಮಾತ್ರ ಇವತ್ತಿಗೂ ಅದೇ ಶ್ರುತಿಯಲ್ಲಿವೆ.

ಅರವತ್ತು ಮಂದಿಯನ್ನು ಮರೆಯುವುದು ಯಂತ್ರದ ತಪ್ಪಲ್ಲ, ಅದಕ್ಕೆ ಕಲಿಸಿದ್ದೇ ಹಾಗೆ. ಈ ಶಾಸ್ತ್ರದಲ್ಲಿ ಎಲ್ಲವನ್ನೂ ಅಳೆಯುವ ಮಾನ ಪ್ಯಾಸೆಂಜರ್ ಕಾರ್ ಯೂನಿಟ್, ಅಂದರೆ ಪಿಸಿಯು. ನಗರದ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ಕಾರು ಒಂದು, ಸೈಕಲ್ಲು ಅರ್ಧ ಅಥವಾ ಅದಕ್ಕೂ ಕಮ್ಮಿ, ಕೈಗಾಡಿ ಎರಡರಿಂದ ಮೂರು. ಮಸ್ಜಿದ್ ಬಂದರಿನ ಗಲ್ಲಿಗೆ ಹೋಗಿ ನೋಡಿ. ಮೂಟೆ ಹೇರಿದ ಕೈಗಾಡಿಯನ್ನು ಒಬ್ಬ ಎದೆಕೊಟ್ಟು ಎಳೆಯುತ್ತಾನೆ, ಇನ್ನೊಬ್ಬ ಹಿಂದಿನಿಂದ ತಲೆ ತಗ್ಗಿಸಿ ನೂಕುತ್ತಾನೆ. ಯಾವ ಬ್ಯಾಂಕೂ ಆ ಇಬ್ಬರಿಗೆ ಕಾರಿನ ಸಾಲ ಕೊಡಲಿಕ್ಕಿಲ್ಲ. ಎಂಜಿನಿಯರನ ಲೆಕ್ಕದಲ್ಲಿ ಮಾತ್ರ ಅವರು ಮೂರು ಕಾರಿನ ಧಣಿಗಳು.

ಬಸ್ಸು? 2.2ರಿಂದ 3.7. ಅರವತ್ತು ಮಂದಿ ಜೋತುಬಿದ್ದಿರಲಿ, ಖಾಲಿಯೇ ಇರಲಿ, ಅಷ್ಟೇ. ಡ್ರೈವರನನ್ನು ಮುಂದೆ ಕೂರಿಸಿ ಹಿಂದಿನ ಸೀಟಿನಲ್ಲಿ ಒಬ್ಬರೇ ಫೋನಿನಲ್ಲಿ ಮಾತಾಡುತ್ತ ಹೋಗುವ ಕಾರು ಬರೀ ಒಂದು. ಹೀಗಾಗಿ ರಸ್ತೆಗೆ ಭಾರ ಯಾರು ಎಂದು ಕೇಳಿದರೆ ಪಟ್ಟಿ ಬಸ್ಸಿನ ಕಡೆ ಬೆರಳು ತೋರಿಸುತ್ತದೆ. ಟಾಂಗಾಕ್ಕೂ ಅದರಲ್ಲಿ ಸಂಖ್ಯೆಯಿದೆ. ನಡೆದು ಹೋಗುವವನಿಗೆ ಇಲ್ಲ. ಅವನಿಗೆ ಬೇರೆ ಪುಸ್ತಕವಿದೆ, ರಸ್ತೆಯ ಅಗಲ ಗೊತ್ತು ಮಾಡುವಾಗ ಅದನ್ನು ಯಾರೂ ತೆರೆಯುವುದಿಲ್ಲ.

ಮುಂಬಯಿ ಪ್ರದೇಶದ ಓಡಾಟದಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ್ನಡಿಗೆಯದೇ ಎಂದು ಇಲ್ಲಿನ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎ ಮಾಡಿಸಿದ 2008ರ ಅಧ್ಯಯನವೇ ಹೇಳಿತ್ತು. ಅದೇ ವರ್ಷ ಅದೇ ಎಂಎಂಆರ್‌ಡಿಎ ಬಾಂದ್ರಾ ಪೂರ್ವದಲ್ಲಿ ಊರಿನ ಮೊದಲ ಸ್ಕೈವಾಕ್ ತೆರೆಯಿತು. ಫುಟ್‌ಪಾತ್ ಕೇಳಿದವರನ್ನು ಮೆಟ್ಟಿಲು ಹತ್ತಿಸಿ ಅಂತರಿಕ್ಷಕ್ಕೆ ಕಳಿಸಿದರೆ ನೆಲವೆಲ್ಲ ಕಾರಿಗೆ ಉಳಿಯುತ್ತದೆ, ನೋಡಿ. ಆಮೇಲೆ ಸ್ಕೈವಾಕೇ ಶಿಥಿಲವಾಗಿ ಅದನ್ನು ಕೆಡವಿದರು. ಕಾರಿನ ಪಾಡು ಬೇರೆ. ವಿಲ್ಬರ್ ಸ್ಮಿತ್ ಎಂಬ ಅಮೆರಿಕದ ಕಂಪನಿ ಅರುವತ್ತರ ದಶಕದಲ್ಲಿ ಹೆದ್ದಾರಿಗಳ ಕನಸು ಬಿತ್ತಿ ಹೋಗಿತ್ತು. ಅದರ ಫಸಲಾದ ಕೋಸ್ಟಲ್ ರೋಡ್ 2024ರ ಮಾರ್ಚಿನಲ್ಲಿ ಭಾಗಶಃ ತೆರೆಯಿತು. ಖರ್ಚು ಸುಮಾರು 14 ಸಾವಿರ ಕೋಟಿ. ಬೈಕಿಗೂ ಆಟೊಕ್ಕೂ ಪ್ರವೇಶವಿಲ್ಲ.

ಇತ್ತ ಲೋಕಲ್ ರೈಲಿನಲ್ಲಿ ದಟ್ಟಣೆಯ ಹೊತ್ತಿಗೆ ಒಂದು ಚದರ ಮೀಟರಿಗೆ 14ರಿಂದ 16 ಮಂದಿ ನಿಲ್ಲುತ್ತಾರೆ. ರೈಲ್ವೆಯವರು ಇದಕ್ಕೆ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂದು ನಾಮಕರಣ ಮಾಡಿ ಕೈ ತೊಳೆದುಕೊಂಡರು. ಕಾರೊಂದು ನಿಲ್ಲಲು ಹನ್ನೆರಡು ಚದರ ಮೀಟರಾದರೂ ಬೇಕು. ಲೋಕಲ್ಲಿನ ಲೆಕ್ಕದಲ್ಲಿ ಅಷ್ಟು ಜಾಗಕ್ಕೆ ಕಮ್ಮಿಯೆಂದರೂ 168 ಜನ.

ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಯೇ ಎಂದು ಹೆತ್ತವರು ಕೇಳುವುದು ಸಹಜ. ಧಾರಾಳವಾಗಿ ಸಿಗುತ್ತದೆ, ಅದೂ ಕೆಟ್ಟ ಮೇಲೆ. ಅಂಧೇರಿಯ ಗೋಖಲೆ ಸೇತುವೆಯಲ್ಲಿ ಜನ ನಡೆಯುವ ಭಾಗ 2018ರ ಜುಲೈ 3ರಂದು ಕುಸಿದು ಇಬ್ಬರು ಸತ್ತರು. 2022ರ ನವೆಂಬರಿನಲ್ಲಿ ಸೇತುವೆ ಮುಚ್ಚಿ, ಕೆಡವಿ ಕಟ್ಟಿದರು. 2024ರ ಫೆಬ್ರವರಿಯಲ್ಲಿ ಒಂದು ಪಕ್ಕ ತೆರೆದಾಗ ಅದನ್ನು ಕೂಡಬೇಕಾದ ಬರ್ಫೀವಾಲಾ ಮೇಲ್ಸೇತುವೆ ಹೆಚ್ಚುಕಡಿಮೆ ಆಳೆತ್ತರದಷ್ಟು ಕೆಳಗಿತ್ತು. ರೈಲು ಹಳಿಯ ಮೇಲೆ ಎತ್ತರ ಹೆಚ್ಚಬೇಕೆಂಬ ನಿಯಮವೇ ಕಾರಣ ಎಂದಿತು ಮಹಾನಗರಪಾಲಿಕೆ. ಆಗ ನೆನಪಾದವರು ಐಐಟಿ ಮತ್ತು ಮಾಟುಂಗಾದ ವಿಜೆಟಿಐ ಪ್ರಾಧ್ಯಾಪಕರು. ಜ್ಯಾಕ್ ಕೊಟ್ಟು ಬರ್ಫೀವಾಲಾವನ್ನು ಒಂದು ಬದಿ 1,397 ಮಿಲಿಮೀಟರ್, ಇನ್ನೊಂದು ಬದಿ 650 ಮಿಲಿಮೀಟರ್ ಎತ್ತಿ, ಜುಲೈನಲ್ಲಿ ಎರಡನ್ನೂ ಕೂಡಿಸಿದರು. ವಿದ್ಯೆಗೆ ಕೊರತೆಯಿಲ್ಲ, ಅದನ್ನು ಕೇಳುವ ಮುಹೂರ್ತ ಮಾತ್ರ ಯಾವಾಗಲೂ ತಡ.

ಆದ್ದರಿಂದ ಹೊರಟಿರುವ ಮಕ್ಕಳೇ, ಚೆನ್ನಾಗಿ ಓದಿ. ವೆಬ್‌ಸ್ಟರನನ್ನೂ ಪಿಸಿಯು ಪಟ್ಟಿಯನ್ನೂ ಬಾಯಿಪಾಠ ಮಾಡಿ ಪಾಸಾಗಿ. ಆದರೆ ಥೀಸಿಸ್ಸಿಗೆಂದು ಜಂಕ್ಷನ್ನಿನಲ್ಲಿ ನಿಂತಾಗ ಗಾಡಿ ಎಣಿಸಬೇಡಿ, ತಲೆ ಎಣಿಸಿ. ಬಸ್ಸಿಗೆ ಅರವತ್ತು ಬರೆಯಿರಿ, ಹಿಂದಿನ ಸೀಟಿನ ಒಂಟಿ ಸಾಹೇಬರಿಗೆ ಒಂದು, ರಸ್ತೆ ದಾಟಲು ಕಾಯುತ್ತಿರುವ ಅಜ್ಜಿಗೂ ಒಂದು. ಈ ಲೆಕ್ಕ ಬದಲಾಗುವ ತನಕ ಸಿಗ್ನಲ್ಲಿಗೆ ಎಷ್ಟು ಬುದ್ಧಿ ತುಂಬಿದರೂ ಅದು ಕಾರಿನವನ ಬುದ್ಧಿಯೇ.